ಲೆಕ್ಕಕ್ಕೆ ಸಿಗದ ಒಂದೂವರೆ ಆಂಪಿಯರ್

ಗುರುವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ವೋಲ್ಟಕ್ಕ ತನ್ನ ದೋಣಿಯ ಹಿಂಭಾಗದಲ್ಲಿ ಮಂಡಿಯೂರಿ, ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಎತ್ತಿ, ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಮೊದಲನೇ ಬ್ಯಾಟರಿಯ ಧನ ತುದಿಗೂ ಕಪ್ಪು ಕಡ್ಡಿಯನ್ನು ನಾಲ್ಕನೆಯದರ ಋಣ ತುದಿಗೂ ಒತ್ತಿ ಹಿಡಿದಿದ್ದಳು. ಹಿಂದಿನ ಸಂಜೆ ಏಳಕ್ಕೇ ದೀಪ, ನೀರಿನ ಪಂಪು, ಫ್ರಿಜ್ಜು ಎಲ್ಲವನ್ನೂ ಮುಖ್ಯ ಸ್ವಿಚ್ಚಿನಲ್ಲಿ ಆರಿಸಿದ್ದಳು. ಬ್ಯಾಟರಿಯ ನಿಜಸ್ಥಿತಿ ತಿಳಿಯಬೇಕಾದರೆ ಅದನ್ನು ಕೆಲವು ಗಂಟೆ ಅದರ ಪಾಡಿಗೆ ಬಿಡಬೇಕು. ದುಡಿಯುತ್ತಿರುವಾಗ ಅದು ಇರುವುದಕ್ಕಿಂತ ಸೋತಂತೆ ಕಾಣುತ್ತದೆ. ಚಾರ್ಜ್ ಮುಗಿದ ಕೂಡಲೇ ನೋಡಿದರೆ ಇಲ್ಲದ ಶಕ್ತಿ ಇರುವಂತೆ ತೋರಿಸಿಕೊಳ್ಳುತ್ತದೆ. ಹನ್ನೊಂದು ಗಂಟೆ ನಲವತ್ತು ನಿಮಿಷ ಬಿಟ್ಟಿದ್ದಳು. ಅಷ್ಟು ಸಾಕು.

"ಹನ್ನೆರಡು ಪಾಯಿಂಟ್ ಒಂದು ಮೂರು" ಎಂದು ಗಟ್ಟಿಯಾಗಿ ಹೇಳಿದಳು. ಮರುನುಡಿಯುವವರು ಯಾರೂ ಇರಲಿಲ್ಲ. ಕಡ್ಡಿಗಳನ್ನು ಕೆಳಗಿಟ್ಟು, ತಾನೇ ಎದ್ದು ಹೋಗಿ ಪುಸ್ತಕದಲ್ಲಿ ಬರೆದುಕೊಂಡು ಬಂದಳು.

ಗೋಡೆಯ ಮೇಲಿದ್ದ ಗುಂಡನೆಯ ಮೀಟರು ಮಾತ್ರ ಬೇರೆಯೇ ಹೇಳುತ್ತಿತ್ತು. ಅದರ ಪ್ರಕಾರ ಬ್ಯಾಟರಿಗಳಲ್ಲಿ ಇನ್ನೂ ಶೇಕಡಾ ಎಪ್ಪತ್ತೆರಡು ಉಳಿದಿತ್ತು. ಎಪ್ಪತ್ತೆರಡು ಉಳಿದಿದ್ದರೆ ವೋಲ್ಟೇಜು ಹನ್ನೆರಡು ಪಾಯಿಂಟ್ ಮೂರು ಐದರ ಮೇಲಿರಬೇಕು. ಹನ್ನೆರಡು ಪಾಯಿಂಟ್ ಎರಡು ಎಂದರೆ ಅರ್ಧ; ಒಂದು ಮೂರು ಎಂದರೆ ಅರ್ಧಕ್ಕಿಂತ ಕೆಳಗೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಯಾವುದೆಂದು ವೋಲ್ಟಕ್ಕನಿಗೆ ಅನುಮಾನವಿರಲಿಲ್ಲ. ಸುಳ್ಳು ಯಾಕೆಂದು ಮಾತ್ರ ತಿಳಿಯಲಿಲ್ಲ.

ವಾಸದ ದೋಣಿಗಳನ್ನು ಕಟ್ಟುವ ಜೆಟ್ಟಿಯ ಕಚೇರಿಯಿಂದ ನೋಟೀಸು ಬಂದು ಹತ್ತು ದಿನವಾಗಿತ್ತು. ದಡದಿಂದ ದೋಣಿಗಳಿಗೆ ಕರೆಂಟು ಕೊಡುವ ಹಳೆಯ ಕೇಬಲ್ಲನ್ನು ಪೂರ್ತಿ ಬದಲಿಸುತ್ತಾರಂತೆ. ಆರು ವಾರದ ಕೆಲಸ. ಅಷ್ಟು ದಿನವೂ ಒಂದೊಂದು ದೋಣಿಗೆ ನಾಲ್ಕು ದಿನಕ್ಕೊಮ್ಮೆ ಮಾತ್ರ ಜನರೇಟರಿನಿಂದ ಚಾರ್ಜು. ನಡುವಿನ ಮೂರು ದಿನ ತಮ್ಮ ಬ್ಯಾಟರಿಯಲ್ಲೇ ಸಾಗಿಸಬಲ್ಲೆವು, ಮೂರನೇ ದಿನದ ಕೊನೆಗೂ ಅರ್ಧಕ್ಕಿಂತ ಕೆಳಗಿಳಿಯುವುದಿಲ್ಲ ಎಂದು ಲೆಕ್ಕ ತೋರಿಸಿದವರು ಅಲ್ಲೇ ಉಳಿಯಬಹುದು. ಉಳಿದವರು ಖಾಲಿ ಮಾಡಬೇಕು. ಖಾಲಿ ಮಾಡಿದವರಿಗೆ ಮುಂದೆ ಅದೇ ಜಾಗ ಸಿಗುವ ಭರವಸೆಯಿಲ್ಲ. ಲೆಕ್ಕವನ್ನು ಪರ್ಮಿಟ್ಟಿನಲ್ಲಿರುವ ಪ್ರತಿಯೊಬ್ಬ ನಿವಾಸಿಯ ಬಳಕೆಯನ್ನೂ ಸೇರಿಸಿ ಕೊಡಬೇಕು. ಕೊನೆಯ ದಿನ ಮುಂದಿನ ಮಂಗಳವಾರ.

ವೋಲ್ಟಕ್ಕನ ದೋಣಿ ಹನ್ನೆರಡು ವರ್ಷದಿಂದ ಅದೇ ಕಂಬಕ್ಕೆ ಕಟ್ಟಿಕೊಂಡು ನಿಂತಿತ್ತು. ಹಿಂದೆ ಸರಕು ಸಾಗಿಸುತ್ತಿದ್ದ ದೋಣಿ. ಉದ್ದ, ಕಿರಿದು, ಒಳಗೆ ನಡೆದಾಡಲು ರೈಲಿನ ಡಬ್ಬಿಯಂತೆ ಒಂದೇ ಓಣಿ. ಅಡುಗೆಕಟ್ಟೆ, ಮೇಜು, ಅವಳ ಹಾಸಿಗೆ, ಬಚ್ಚಲು, ಕೊನೆಗೆ ತಂಗಿಯ ಕೋಣೆ. ಆ ಕೋಣೆಗೆ ಬಾಗಿಲಿಲ್ಲ, ನೀಲಿ ಪರದೆ ಇದೆ. ತಂಗಿ ಎಂಟು ತಿಂಗಳ ಹಿಂದೆ, ತನ್ನ ಐವತ್ಮೂರನೇ ವಯಸ್ಸಿನಲ್ಲಿ, ಬೀದಿಯ ತಿರುವಿನ ಬೇಕರಿಯವರನ್ನು ಮದುವೆಯಾಗಿ ಬೇಕರಿಯ ಮೇಲಿನ ಮನೆಗೆ ಹೋದಳು. ನಡೆದರೆ ಹದಿನಾಲ್ಕು ನಿಮಿಷದ ದಾರಿ. ಅಂದು ಎಳೆದ ಪರದೆಯನ್ನು ವೋಲ್ಟಕ್ಕ ಮತ್ತೆ ಸರಿಸಿರಲಿಲ್ಲ. ಯಾರಾದರೂ ಕೇಳಿದರೆ, ಒಳಗೆ ಧೂಳು ಕೂರಬಾರದಲ್ಲ ಎನ್ನುತ್ತಿದ್ದಳು. ನೀರಿನ ಮೇಲೆ ಅಷ್ಟು ಧೂಳು ಎಲ್ಲಿಂದ ಬರಬೇಕೆಂದು ಯಾರೂ ಕೇಳಲಿಲ್ಲ.

ವೋಲ್ಟಕ್ಕನಿಗೆ ಆ ಹೆಸರು ಬಂದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಇಪ್ಪತ್ತನೇ ವಯಸ್ಸಿಗೆ ಅಲ್ಲಿನ ಬ್ಯಾಟರಿ ಕೋಣೆಗೆ ಕೆಲಸಕ್ಕೆ ಸೇರಿ, ಮೂವತ್ತೊಂದು ವರ್ಷ ಅಲ್ಲೇ ಇದ್ದಳು. ಊರಿಗೆ ಊರೇ ಕತ್ತಲಾದಾಗಲೂ ಫೋನು ಮಾತ್ರ ಮಾತಾಡುತ್ತಿದ್ದುದು ಆ ಕೋಣೆಯ ಇಪ್ಪತ್ನಾಲ್ಕು ಗಾಜಿನ ತೊಟ್ಟಿಗಳ ದಯೆಯಿಂದ. ಅವುಗಳ ಅಳತೆ ತೆಗೆಯಲು ಇಬ್ಬರು ಬೇಕೆಂಬುದು ಅಲ್ಲಿಯ ನಿಯಮ. ಒಬ್ಬರು ಮೀಟರು ಹಿಡಿದು ಅಂಕಿ ಕೂಗುವುದು. ಇನ್ನೊಬ್ಬರು ಅದನ್ನೇ ತಿರುಗಿ ಕೂಗಿ, ಆಮೇಲೆ ಬರೆಯುವುದು. ಕೂಗಿದ್ದು ಒಂದು, ಬರೆದದ್ದು ಇನ್ನೊಂದು ಆಗಬಾರದೆಂದು. ಆಮ್ಲ ಸಿಡಿದು ಅವಳ ಬಟ್ಟೆಯಲ್ಲೆಲ್ಲ ಸಣ್ಣ ಸಣ್ಣ ತೂತು ಬೀಳುತ್ತಿದ್ದವು. ಒಂಬತ್ತು ವರ್ಷ ಚಿಕ್ಕವಳಾದ ತಂಗಿ ಶಾಲೆಯಿಂದ ಬಂದು ಆ ತೂತುಗಳಿಗೆ ತೇಪೆ ಹಾಕುತ್ತ ಹಾಕುತ್ತಲೇ ಹೊಲಿಗೆ ಕಲಿತಳು. ಅಪ್ಪ ಅಮ್ಮ ಬೇಗ ಹೋದ ಮನೆ; ಅಕ್ಕನೇ ತಂಗಿಗೆ ಊಟ, ಫೀಸು, ಬೈಗುಳ ಎಲ್ಲ. ಎಕ್ಸ್‌ಚೇಂಜಿಗೆ ಹೊಸ ಯಂತ್ರಗಳು ಬಂದು ಬ್ಯಾಟರಿ ಕೋಣೆಗೆ ಬೀಗ ಬಿದ್ದ ವರ್ಷ ಇಬ್ಬರೂ ಸೇರಿ ಈ ದೋಣಿ ಕೊಂಡರು. ಅಲ್ಲಿಂದ ಮುಂದೆ ಅಂಕಿಯನ್ನು ತಿರುಗಿ ಕೂಗುವ ಕೆಲಸವೂ ತಂಗಿಯದೇ ಆಯಿತು. ಹೊಲಿಗೆ ಯಂತ್ರದ ಮುಂದೆ ಕೂತೇ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೂಗುತ್ತಿದ್ದಳು. ಏಳೋ ಎಂಟೋ ಎಂದು ಅಕ್ಕನಿಗೆ ಎಷ್ಟೋ ಸಲ ತಿಳಿಯುತ್ತಿರಲಿಲ್ಲ, ಮತ್ತೆ ಕೂಗಿಸುತ್ತಿದ್ದಳು.

ನೋಟೀಸು ಬಂದ ದಿನವೇ ವೋಲ್ಟಕ್ಕ ದಿನದ ಬಳಕೆಯ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದಳು. ನಾಲ್ಕು ಬ್ಯಾಟರಿ ಸೇರಿ ನಾನೂರು ಆಂಪಿಯರ್-ಅವರ್, ಒಂದು ಆಂಪಿಯರಿನಂತೆ ನಾನೂರು ಗಂಟೆ ಬರುವಷ್ಟು; ಅರ್ಧ ಬಳಸಬಹುದು, ಅಂದರೆ ಇನ್ನೂರು; ಮೂರು ದಿನಕ್ಕೆ ಹಂಚಿದರೆ ದಿನಕ್ಕೆ ಅರವತ್ತಾರು. ಪಟ್ಟಿಯ ಮೊತ್ತ ಬಂದದ್ದು ಅರವತ್ತೊಂಬತ್ತು. ಅದರಲ್ಲಿ ಮೂವತ್ತು ತಂಗಿಯದು: ಹೊಲಿಗೆ ಯಂತ್ರಕ್ಕೆ ಇಪ್ಪತ್ತು, ಓದುವ ದೀಪಕ್ಕೆ ನಾಲ್ಕು, ಕೂದಲು ಒಣಗಿಸುವ ಯಂತ್ರಕ್ಕೆ ಆರು. ಮೂರು ಹೆಚ್ಚಾಯಿತಲ್ಲ, ಎಲ್ಲಿ ಕಡಿಮೆ ಮಾಡುವುದೆಂದು ಅರ್ಧ ದಿನ ಯೋಚಿಸಿದಳು. ಕೊನೆಗೆ ತನ್ನ ರೇಡಿಯೋಗೆ ಹಾಕಿದ್ದ ಮೂರನ್ನು ಹೊಡೆದುಹಾಕಿ, ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆಯ ಕೆಳಗಿಟ್ಟಳು. ಅರವತ್ತಾರು ಸರಿಯಾಗಿ ಕೂತಿತು. ಆದರೆ ಅಂದಿನಿಂದ ಸಂಜೆ ಐದರಿಂದ ಒಂಬತ್ತರವರೆಗಿನ ಹೊತ್ತು ಬಹಳ ಉದ್ದವಾಯಿತು. ನೀರು ದೋಣಿಯ ಬದಿಗೆ ತಟ್ಟುವ ಸದ್ದು ಬಿಟ್ಟರೆ ಬೇರೆ ದನಿಯಿರಲಿಲ್ಲ.

ಪಟ್ಟಿ ಸರಿಯಾದ ಮೇಲೆ ಪರೀಕ್ಷೆ. ಭಾನುವಾರ ಸಂಜೆ ಏಳಕ್ಕೆ ದಡದ ಪ್ಲಗ್ಗು ಕಿತ್ತು, ಮೂರು ದಿನ ಬ್ಯಾಟರಿಯಲ್ಲೇ ಬದುಕಿ, ಬುಧವಾರ ಸಂಜೆ ಎಲ್ಲ ಆರಿಸಿದಳು. ಹೊಲಿಯುವವರಾಗಲಿ ಕೂದಲು ಒಣಗಿಸುವವರಾಗಲಿ ಇಲ್ಲದಿದ್ದರಿಂದ ಮೀಟರು ಲೆಕ್ಕ ಹಾಕಿದ್ದು ಒಟ್ಟು ನೂರ ಹತ್ತು ಮಾತ್ರ. ಹಾಗಿದ್ದೂ ಗುರುವಾರ ಬೆಳಿಗ್ಗೆ ಹನ್ನೆರಡು ಪಾಯಿಂಟ್ ಒಂದು ಮೂರು.

ಪಕ್ಕದ ದೋಣಿಯಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದರು. ಬೆಳಿಗ್ಗೆ ಹಲ್ಲುಜ್ಜುತ್ತ ಕಟಕಟೆಗೆ ಒರಗಿ ಇನ್ನೊಬ್ಬರ ದೋಣಿಯೊಳಗೆ ಇಣುಕುವುದು ಅವರ ನಿತ್ಯದ ಕೆಲಸ. ಮೀಟರಿನ ಎಪ್ಪತ್ತೆರಡು ಕಿಟಕಿಯಿಂದ ಅವರಿಗೂ ಕಾಣುತ್ತಿತ್ತು.

"ಎಪ್ಪತ್ತೆರಡು ಇದ್ಯಲ್ಲ ವೋಲ್ಟಕ್ಕ, ಇನ್ನೂ ಯಾಕೆ ಮುಖ ಗಂಟು ಹಾಕ್ಕೊಂಡಿದೀರಿ? ಅದನ್ನೇ ಬರ್ದು ಕೊಟ್ಬಿಡಿ. ಅವ್ರೇನು ಬಂದು ಬ್ಯಾಟರಿ ನೆಕ್ಕಿ ನೋಡ್ತಾರಾ?"

"ನಿಮ್ಮ ಬಸ್ಸಲ್ಲಿ ಮುಳ್ಳು ಫುಲ್ ಅಂತ ತೋರಿಸ್ತಾ ಇದ್ದು, ದಾರೀಲಿ ಡೀಸೆಲ್ ಖಾಲಿಯಾಗಿರ್ಲಿಲ್ವಾ?"

"ಆಗಿತ್ತು, ಎರಡು ಸಲ" ಎಂದು ಡ್ರೈವರು ಬಾಯಿ ಮುಕ್ಕಳಿಸಿದರು. "ಜನ ಇಳಿದು ತಳ್ಳಿದ್ರು. ನಿಮ್ಮ ದೋಣಿ ತಳ್ಳೋಕೆ ಯಾರಿದಾರೆ?"

ಅವರು ತಮಾಷೆಗೆ ಅಂದದ್ದು. ವೋಲ್ಟಕ್ಕ ಅದನ್ನು ಕಿವಿಗೆ ಹಾಕಿಕೊಳ್ಳದವಳಂತೆ ಒಳಗೆ ಬಂದಳು. ಎಪ್ಪತ್ತೆರಡು ಎಂದು ಬರೆದುಕೊಟ್ಟರೆ ಯಾರೂ ಪ್ರಶ್ನಿಸುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಬರೆದುಕೊಟ್ಟರೆ ಎರಡನೇ ವಾರದಲ್ಲೇ ಬ್ಯಾಟರಿ ಪೂರ್ತಿ ಕುಸಿದು, ತಳದಲ್ಲಿ ಸೇರುವ ನೀರನ್ನು ಎತ್ತುವ ಪಂಪು ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ಆಗ ಖಾಲಿ ಮಾಡಬೇಕಾಗಿ ಬರುವುದು ಕಚೇರಿಯವರು ಹೇಳಿದ್ದಕ್ಕಲ್ಲ, ದೋಣಿ ಮುಳುಗುತ್ತದೆಂದು.

ಹುಡುಕಲು ಕೂತಳು. ಮೊದಲ ಅನುಮಾನ ಆ ಪಂಪಿನ ಮೇಲೆಯೇ, ಏಕೆಂದರೆ ಮುಖ್ಯ ಸ್ವಿಚ್ಚು ಆರಿಸಿದರೂ ಅದಕ್ಕೆ ಕರೆಂಟು ಹೋಗುತ್ತಲೇ ಇರುತ್ತದೆ. ಪಂಪು ನಿರಪರಾಧಿಯಾಗಿತ್ತು. ಒಂದೊಂದೇ ಬ್ಯಾಟರಿಯನ್ನು ಬಿಡಿಸಿ ನೋಡಿದಳು, ನಾಲ್ಕೂ ಸಮ. ಕೊನೆಗೆ ಷಂಟಿನ ಎದುರು ಕೂತಳು. ಷಂಟ್ ಎಂದರೆ ಅಂಗೈಯಗಲದ ಹಿತ್ತಾಳೆಯ ಗಟ್ಟಿ. ದೋಣಿಯಲ್ಲೆಲ್ಲ ಸುತ್ತಾಡಿ ಬಂದ ಕರೆಂಟು ಬ್ಯಾಟರಿಯ ಋಣ ತುದಿಗೆ ವಾಪಸಾಗುವ ಮೊದಲು ಅದರ ಮೂಲಕ ಹಾಯಬೇಕು. ಹಾದದ್ದನ್ನು ಮೀಟರು ಎಣಿಸುತ್ತದೆ. ಹಾಯದೆ ಬಂದದ್ದು ಮೀಟರಿನ ಮಟ್ಟಿಗೆ ಇಲ್ಲವೇ ಇಲ್ಲ.

ಕ್ಲಾಂಪ್ ಮೀಟರು ತಂದಳು. ತಂತಿಯನ್ನು ಕಡಿಯದೆ ಇಕ್ಕಳದಂತೆ ಸುತ್ತ ಹಿಡಿದರೆ ಒಳಗೆಷ್ಟು ಹರಿಯುತ್ತಿದೆಯೆಂದು ಅದು ಹೇಳುತ್ತದೆ. ಬ್ಯಾಟರಿಯ ಋಣ ತುದಿಯ ಬೋಲ್ಟಿನಿಂದ ಷಂಟಿಗೆ ಹೋಗುವ ದಪ್ಪ ತಂತಿಗೆ ಹಿಡಿದಳು: ಸೊನ್ನೆ. ಅದೇ ಬೋಲ್ಟಿನಡಿ, ದಪ್ಪ ತಂತಿಯ ಬೆನ್ನಿಗೆ ಅಂಟಿಕೊಂಡು, ಗ್ರೀಸಿನ ಕಪ್ಪಿನಲ್ಲಿ ಕಪ್ಪಾಗಿ, ಇನ್ನೊಂದು ತಂತಿ ಇತ್ತು. ಅದಕ್ಕೆ ಹಿಡಿದಳು.

ಒಂದೂವರೆ ಆಂಪಿಯರ್.

ಪ್ಲಗ್ಗು ಕಿತ್ತಾಗಿನಿಂದ ಎಂಬತ್ತಮೂರೂವರೆ ಗಂಟೆ. ಒಂದೂವರೆಯಿಂದ ಗುಣಿಸಿದರೆ ನೂರ ಇಪ್ಪತ್ತೈದು. ಮೀಟರು ಕಂಡದ್ದು ನೂರ ಹತ್ತು, ಕಾಣದ್ದು ನೂರ ಇಪ್ಪತ್ತೈದು; ಸೇರಿದರೆ ನಾನೂರರ ಅರ್ಧಕ್ಕಿಂತ ಹೆಚ್ಚು. ಲೆಕ್ಕ ತಾಳೆಯಾಯಿತು. ಮನಸ್ಸಿಗೆ ಬರಬೇಕಾಗಿದ್ದ ಸಮಾಧಾನ ಬರಲಿಲ್ಲ, ಏಕೆಂದರೆ ಆ ತಂತಿ ಗೋಡೆಯ ಬುಡ ಹಿಡಿದು, ಬಚ್ಚಲನ್ನು ದಾಟಿ, ನೀಲಿ ಪರದೆಯ ಕೆಳಗೆ ಹೋಗುತ್ತಿತ್ತು.

ಹಳೆಯ ಪುಸ್ತಕ ತೆಗೆದು ನೋಡಿದಳು. ನಾಲ್ಕು ವರ್ಷದ ಹಿಂದೆ ಷಂಟ್ ಕೂರಿಸಿದ ದಿನದ ಪುಟ. ತಂಗಿಯ ದುಂಡು ಅಕ್ಷರ. ಅಕ್ಕ ಒಂದೊಂದೇ ತಂತಿಯನ್ನು ಬ್ಯಾಟರಿಯಿಂದ ಬಿಡಿಸಿ ಷಂಟಿಗೆ ಕಟ್ಟಿ ಕೂಗಿದ್ದಳು, ತಂಗಿ ತಿರುಗಿ ಕೂಗಿ ಬರೆದಿದ್ದಳು. ಫ್ರಿಜ್ಜು, ಆಯಿತು. ದೀಪ, ಆಯಿತು. ನೀರಿನ ಪಂಪು, ಆಯಿತು. ತಳದ ಪಂಪು, ಆಯಿತು. ಐದನೆಯದು ಇನ್ವರ್ಟರ್, ಬ್ಯಾಟರಿಯ ಕರೆಂಟನ್ನು ಹೊಲಿಗೆ ಯಂತ್ರಕ್ಕೆ ಬೇಕಾದ ಮನೆಯ ಕರೆಂಟಾಗಿ ಮಾಡುವ ಪೆಟ್ಟಿಗೆ. ಆ ಹೊತ್ತಿಗೆ ತಂಗಿ ಶಾಲೆಯೊಂದರ ಸಮವಸ್ತ್ರ ಹೊಲಿಯುತ್ತಿದ್ದಳು. ನನ್ನದನ್ನು ಈಗ ಆರಿಸಬೇಡ, ಇನ್ನೂ ಹನ್ನೊಂದು ಕಾಲರು ಬಾಕಿಯಿದೆ ಅಂದಿದ್ದಳು. ಪುಸ್ತಕದಲ್ಲಿ ಅದರ ಮುಂದೆ ಬರೆದಿದ್ದುದು ಒಂದೇ ಮಾತು: ಆಮೇಲೆ.

ಆಮೇಲೆ ಎಂಬುದು ಬರಲೇ ಇಲ್ಲ. ದಡದ ಪ್ಲಗ್ಗು ಸದಾ ಚುಚ್ಚಿಕೊಂಡೇ ಇದ್ದುದರಿಂದ ಬ್ಯಾಟರಿ ದಿನವೂ ತುಂಬುತ್ತಿತ್ತು, ಮೀಟರು ದಿನವೂ ನೂರು ತೋರಿಸುತ್ತಿತ್ತು. ಮೂವತ್ತೊಂದು ವರ್ಷ ಇಪ್ಪತ್ನಾಲ್ಕು ತೊಟ್ಟಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವಳು ತನ್ನದೇ ದೋಣಿಯ ನಾಲ್ಕನ್ನು ಹೀಗೆ ಬಿಟ್ಟಿದ್ದಳು.

ಪರದೆ ಸರಿಸಿದಳು. ಮಂಚದ ಮೇಲೆ ಹಾಸಿಗೆಯಿರಲಿಲ್ಲ, ಬರೀ ಹಲಗೆ. ಯಂತ್ರ ಇದ್ದ ಜಾಗದಲ್ಲಿ ಎಣ್ಣೆಯ ಚೌಕ ಕಲೆ. ಮೂಲೆಯ ನೆಲದ ಬಳಿ ಇನ್ವರ್ಟರಿನ ಹಸಿರು ದೀಪ ಉರಿಯುತ್ತಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಯಾರೂ ಏನೂ ಕೇಳದೆ, ಕೇಳಿದರೆ ಕೊಡಲೆಂದು, ಎಂಟು ತಿಂಗಳಿನಿಂದ ಎಚ್ಚರವಾಗಿ ಕೂತಿತ್ತು.

ಅವಳು ಅದನ್ನು ಆರಿಸಲಿಲ್ಲ. ಮೊದಲು ಲೆಕ್ಕಕ್ಕೆ ಬರಲಿ ಎಂದು, ಸ್ಪ್ಯಾನರು ತಂದು, ಆ ತಂತಿಯನ್ನು ಬ್ಯಾಟರಿಯಿಂದ ಬಿಡಿಸಿ ಷಂಟಿನ ಇನ್ನೊಂದು ಬದಿಗೆ ಕಟ್ಟಿದಳು. ಕಟ್ಟಿದ ಕೂಡಲೇ ಗೋಡೆಯ ಮೀಟರು ಒಂದೂವರೆ ತೋರಿಸಿತು. ಅಷ್ಟು ಇಳಿದ ಬ್ಯಾಟರಿಯನ್ನು ಹಾಗೇ ಬಿಡಬಾರದು; ತಕ್ಷಣ ದಡದ ಪ್ಲಗ್ಗು ಚುಚ್ಚಿ ಚಾರ್ಜಿಗೆ ಹಾಕಿದಳು. ಪರದೆಯನ್ನು ಮತ್ತೆ ಎಳೆದಳು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ತಂಗಿ ಬಂದಳು. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ, ತೋಳಿನ ಮೇಲೆ ಒರೆಸಿಕೊಳ್ಳಲು ಮರೆತ ಮೈದಾ. ಬೇಕರಿಯವರು ಮೇಲಿನ ಮನೆಯ ಸಣ್ಣ ಕೋಣೆಯಿಂದ ಮೈದಾ ಮೂಟೆಗಳನ್ನು ತೆಗೆಸಿ ಸುಣ್ಣ ಹೊಡೆಸಿದ್ದಾರಂತೆ. ಕೇಬಲ್ ಕೆಲಸ ಮುಗಿಯುವ ತನಕ ಅಕ್ಕ ಅಲ್ಲೇ ಇರಲಿ ಎಂದಿದ್ದಾರಂತೆ. ಇದನ್ನೆಲ್ಲ ಅವಳು ಬಾಗಿಲಲ್ಲೇ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ವೋಲ್ಟಕ್ಕ ಚಹಾಕ್ಕೆ ನೀರಿಟ್ಟಳು. ಆರು ವಾರಕ್ಕೆ ಹೋದರೆ ಈ ಕಂಬ ಇನ್ನೊಬ್ಬರದಾಗುತ್ತದೆ. ಆಮೇಲೆ ಆ ಸುಣ್ಣ ಹೊಡೆದ ಕೋಣೆಯೇ ಗತಿ. ಇನ್ನೊಬ್ಬರ ಸಂಸಾರದ ನಡುವೆ, ಬೆಳಗಿನ ಜಾವದ ಒಲೆಯ ಸದ್ದಿಗೆ ಎದ್ದು, ಏನೂ ಅಳೆಯಲು ಇಲ್ಲದೆ ಕೂರುವುದು. ಬೇಕರಿಯವರು ಒಳ್ಳೆಯವರು. ಅದೇ ಕಷ್ಟ.

ಚಹಾ ಕುದಿಯುವಷ್ಟರಲ್ಲಿ ತಂಗಿ ಗೋಡೆಯ ಪಟ್ಟಿಯನ್ನು ಓದಿ ಮುಗಿಸಿದ್ದಳು.

"ಅಕ್ಕಾ, ಈ ಮೂವತ್ತು ನಂದಾ?"

"ಪರ್ಮಿಟ್ಟಲ್ಲಿ ನಿನ್ನ ಹೆಸರಿದೆ."

"ನನ್ನ ಕೂದಲೇ ಅರ್ಧ ಉದುರಿ ಹೋಗಿದೆ, ಡ್ರೈಯರಿಗೆ ಇನ್ನೂ ಆರು ಬರ್ದಿದೀಯಲ್ಲ" ಎಂದು ನಕ್ಕಳು. ನಗು ಮುಗಿಯುವ ಮೊದಲೇ ಅವಳ ಬೆರಳು ಹೊಡೆದುಹಾಕಿದ ಸಾಲಿನ ಮೇಲೆ ನಿಂತಿತು. "ರೇಡಿಯೋ ಯಾಕೆ ಹೊಡೆದಿದೀಯ?"

ವೋಲ್ಟಕ್ಕ ಸಕ್ಕರೆ ಹಾಕಿ ಕದಡಿದಳು. "ಜಾಗ ಸಾಲಲಿಲ್ಲ."

ತಂಗಿ ಲೋಟ ತೆಗೆದುಕೊಳ್ಳಲಿಲ್ಲ. ತಂತಿಯ ಕಥೆ, ನಾಲ್ಕು ವರ್ಷದ ಹಿಂದಿನ ಕಾಲರುಗಳ ಕಥೆ, ಒಂದೂವರೆ ಆಂಪಿಯರಿನ ಕಥೆ ಎಲ್ಲವನ್ನೂ ಅಕ್ಕ ವರದಿ ಓದುವ ದನಿಯಲ್ಲಿ ಹೇಳಿದಳು, ತಪ್ಪು ತನ್ನದೇ ಎಂಬುದನ್ನೂ ಸೇರಿಸಿ. ಕೇಳಿಸಿಕೊಂಡ ತಂಗಿ ಓಣಿಯ ಕೊನೆಗೆ ನಡೆದು ಪರದೆ ಸರಿಸಿದಳು. ಹಸಿರು ದೀಪ ಉರಿಯುತ್ತಲೇ ಇತ್ತು.

"ಹೋಗೋ ದಿನ ಗಡಿಬಿಡೀಲಿ ಆರಿಸೋದು ಮರೆತೆ. ನೀನು ಎಂಟು ತಿಂಗಳು ನೋಡ್ಲೇ ಇಲ್ವಾ?"

"ಪರದೆ ತೆಗೀಲಿಲ್ಲ."

ಹೊರಗೆ ಡ್ರೈವರು ಯಾರಿಗೋ ಬಸ್ಸಿನ ಕಥೆ ಹೇಳುತ್ತಿದ್ದುದು ಕೇಳಿಸುತ್ತಿತ್ತು.

"ಅಕ್ಕಾ, ನಾನು ಬರ್ತೀನಿ. ಭಾನುವಾರ ಬರ್ತೀನಿ, ಹುಷಾರಿಲ್ಲಾಂದ್ರೆ ಬರ್ತೀನಿ, ಜಗಳ ಆಡೋಕೂ ಬರ್ತೀನಿ. ಆದ್ರೆ ಹೊಲಿಯೋಕೆ ಬರಲ್ಲ. ಯಂತ್ರ ಅಲ್ಲಿ ಕಿಟಕಿ ಹತ್ರ ಇಟ್ಟಾಯ್ತು, ಬೆಳಕು ಚೆನ್ನಾಗಿದೆ." ಅಷ್ಟು ಹೇಳಿ ಬಗ್ಗಿ ಇನ್ವರ್ಟರಿನ ಗುಂಡಿಯ ಮೇಲೆ ಬೆರಳಿಟ್ಟಳು. "ಆರಿಸ್ಲಾ?"

"ಇರು" ಎಂದಳು ವೋಲ್ಟಕ್ಕ. ಪುಸ್ತಕ ತಂದು, ಗಡಿಯಾರ ನೋಡಿ, ಮೂರು ಗಂಟೆ ಮೂವತ್ತೆಂಟು ನಿಮಿಷ ಎಂದು ಬರೆದುಕೊಂಡಳು. ಬರೆದ ಮೇಲೂ ಪೆನ್ನು ಎತ್ತಲಿಲ್ಲ. "ಹ್ಞೂಂ, ಈಗ ಆರಿಸು."

ದೀಪ ಆರಿತು. ಅದು ಅಷ್ಟು ದಿನ ಮಾಡುತ್ತಿದ್ದ ಸಣ್ಣ ಗುಂಯ್‌ ಎಂಬ ಸದ್ದು, ನಿಂತ ಮೇಲಷ್ಟೇ ಇತ್ತೆಂದು ತಿಳಿಯಿತು.

ಸಂಜೆ ಆರಕ್ಕೆ ತಂಗಿ ಹೊರಟಳು. ಬೇಕರಿಯಲ್ಲಿ ಸಂಜೆಯ ಗಿರಾಕಿ ಹೆಚ್ಚು. ಸುಣ್ಣ ಹೊಡೆದ ಕೋಣೆಯ ವಿಷಯ ಮತ್ತೆ ಎತ್ತಲಿಲ್ಲ. ಲೆಕ್ಕ ಏನಾಯಿತೆಂದು ಮಂಗಳವಾರ ಫೋನು ಮಾಡು ಎಂದಷ್ಟೇ ಹೇಳಿದಳು. ಏಳು ಗಂಟೆಗೆ ವೋಲ್ಟಕ್ಕ ದಡದ ಪ್ಲಗ್ಗು ಕಿತ್ತು ಎರಡನೇ ಪರೀಕ್ಷೆ ಶುರು ಮಾಡಿದಳು. ಗೋಡೆಯ ಪಟ್ಟಿಯನ್ನು ಕಿತ್ತು, ಹೊಸ ಹಾಳೆಯಲ್ಲಿ ಮತ್ತೆ ಬರೆದಳು. ತಂಗಿಯ ಮೂರು ಸಾಲು ಕಡಿಮೆ, ರೇಡಿಯೋದ ಸಾಲು ವಾಪಸು. ಆ ಮೂರು ದಿನ ರೇಡಿಯೋ ಹಾಡಿತು, ಸುದ್ದಿ ಹೇಳಿತು, ಹವಾಮಾನ ಹೇಳಿತು. ಮೊದಲ ದಿನ ಅವಳು ಅದರ ಎದುರೇ ಕೂತು ಕೇಳಿದಳು. ಮೂರನೇ ದಿನ ಅದು ತನ್ನಷ್ಟಕ್ಕೆ ಮಾತಾಡುತ್ತಿತ್ತು, ಇವಳು ಪಾತ್ರೆ ತೊಳೆಯುತ್ತಿದ್ದಳು. ನೀಲಿ ಪರದೆಯನ್ನು ಬಿಚ್ಚಿ ಒಗೆದು ಹಗ್ಗಕ್ಕೆ ಹಾಕಿದ್ದಳು. ಆಶ್ಚರ್ಯವೆಂದರೆ, ಧೂಳು ನಿಜವಾಗಿಯೂ ಬಹಳವಿತ್ತು.

ಮಂಗಳವಾರ ಬೆಳಿಗ್ಗೆ ಮೀಟರು ಎಪ್ಪತ್ತೊಂದು ಎಂದಿತು. ಮಲ್ಟಿಮೀಟರು ಹನ್ನೆರಡು ಪಾಯಿಂಟ್ ಮೂರು ಎಂಟು ಎಂದಿತು. ಎರಡೂ ಒಂದೇ ಮಾತು ಹೇಳುತ್ತಿದ್ದವು.

ಹತ್ತೂಕಾಲಿಗೆ ಜೆಟ್ಟಿಯ ಕಚೇರಿಗೆ ಹೋದಳು. ಕಚೇರಿಯೆಂದರೆ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ನೇತುಹಾಕಿದ ಲೈಫ್ ಜಾಕೆಟ್ಟುಗಳು. ಮೇಲ್ವಿಚಾರಕರು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯ ಮಾತಿನವರು. ಹಾಳೆಯನ್ನು ತೆಗೆದುಕೊಂಡು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿದರು. ಕನ್ನಡಕ ಮನೆಯಲ್ಲೇ ಉಳಿದಿದೆಯೆಂದೂ, ಅವಳೇ ಹೇಳುತ್ತ ಹೋದರೆ ತಾವು ದೊಡ್ಡ ಅಕ್ಷರದಲ್ಲಿ ಫಾರಂ ತುಂಬುವುದಾಗಿಯೂ ಹೇಳಿದರು. ದೋಣಿಯ ಸಂಖ್ಯೆ ಹೇಳಿದಳು. ಬ್ಯಾಟರಿ ಎಷ್ಟು, ಎಂಥದ್ದು ಎಂದು ಹೇಳಿದಳು. ಮೂರನೇ ದಿನದ ವೋಲ್ಟೇಜು ಹೇಳಿದಳು. ಅವರು ತಲೆದೂಗಿದರು.

"ವಾಸ ಇರೋರು ಇಬ್ಬರು ಅಂತಿದೆ ಪರ್ಮಿಟ್ಟಲ್ಲಿ. ಇದು ಇಬ್ಬರ ಲೆಕ್ಕಾನಾ ಅಮ್ಮ?"

"ಅಲ್ಲ. ಒಬ್ಬಳದು."

"ಹಾಗಾದ್ರೆ ಇನ್ನೊಂದು ಹೆಸರು ತೆಗೀಬೇಕಾಗುತ್ತೆ. ತೆಗೆದ್ರೆ ಆಮೇಲೆ ಸೇರಿಸೋದು ಸುಲಭ ಇಲ್ಲ. ಯೋಚನೆ ಮಾಡಿ ಹೇಳಿ, ಮಧ್ಯಾಹ್ನದವರೆಗೂ ಟೈಮಿದೆ."

ಕಿಟಕಿಯ ಹೊರಗೆ ಕೇಬಲ್ಲಿನವರು ಅಗೆಯಲು ಶುರುಮಾಡಿದ್ದರು. ಅವಳ ದೋಣಿ ಅಲ್ಲಿಂದ ಕಾಣುತ್ತಿತ್ತು. ಯೋಚನೆ ಮಾಡಿಯಾಗಿದೆ, ತೆಗೆಯಿರಿ ಎಂದಳು. ಅವರು ಅಳತೆಪಟ್ಟಿ ಇಟ್ಟು, ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು. ಆಮೇಲೆ ಫಾರಮ್ಮಿನ ಕೊನೆಯ ಖಾಲಿ ಚೌಕದ ಮೇಲೆ ಪೆನ್ನಿಟ್ಟು, ದಿನದ ಒಟ್ಟು ಬಳಕೆ ಎಷ್ಟೆಂದು ಕೇಳಿದರು.

ವೋಲ್ಟಕ್ಕ ಹಾಳೆಯನ್ನು ನೋಡಲಿಲ್ಲ. ಬ್ಯಾಟರಿ ಕೋಣೆಯಲ್ಲಿ ಕೂಗುತ್ತಿದ್ದಷ್ಟೇ ಗಟ್ಟಿಯಾಗಿ ಹೇಳಿದಳು.

"ಮೂವತ್ತೊಂಬತ್ತು."